ಸೀಗಡಿ ಜೊತೆಗೆ ಕುರಿ ಚಾಪ್ಸ್: ಕೊನೆಗೂ ಕೂಡಿ ಬಂದ ಜೋಡಿ

"ಅಕ್ಕಾ, ಮೀನಾದ್ರೂ ಮಾಡ್ರಿ, ಮಟನ್ ಆದ್ರೂ ಮಾಡ್ರಿ. ಎರಡೂ ಒಂದೇ ಊಟಕ್ಕೆ ಯಾಕ್ರಿ?" ಅಂತ ನನಗೆ ಸೀಗಡಿ ಕೊಡುವ ಹುಡುಗ ಕೇಳಿದ್ದ. ಮನೆಯಲ್ಲಿ ಅತ್ತೆಯೂ ಅದನ್ನೇ ಹೇಳಿದ್ದರು. ಮದುವೆ ದಿನ, ಹುಟ್ಟುಹಬ್ಬಕ್ಕೆ ಗಂಡ ಹೆಂಡತಿ ಇಬ್ಬರೇ ಕೂತು ಉಣ್ಣುವ ಊಟವನ್ನು ದಾವಣಗೆರೆಯ ನಮ್ಮ ಮನೆಯಿಂದಲೇ ಮಾಡಿಕೊಡಲು ಶುರು ಮಾಡಿ ಎರಡು ವರ್ಷ ಆಯ್ತು. ಮೊದಲ ಆರೇಳು ತಿಂಗಳು ಅವರ ಮಾತೇ ನಿಜವಾಗುತ್ತಿತ್ತು.

ಮೊದಲ ಸಲ ಮಟನ್ ಸಾರು, ಅಂಜಲ್ ಫ್ರೈ ಕೊಟ್ಟೆ. ಚಕ್ಕೆ, ಲವಂಗ, ಕೊಬ್ಬರಿ ಹಾಕಿದ ಸಾರಿನ ಮುಂದೆ ಮೀನಿನ ರುಚಿ ಎಲ್ಲಿ ನಿಲ್ಲುತ್ತೆ? ಡಬ್ಬಿ ವಾಪಸ್ ಬಂದಾಗ ಎರಡು ತುಂಡು ಅಂಜಲ್ ಹಾಗೇ ಇತ್ತು. ಅಷ್ಟು ದುಡ್ಡು ಕೊಟ್ಟು ತಂದ ಮೀನು, ಹೊಟ್ಟೆ ಉರಿದುಹೋಯಿತು. ಆಮೇಲೆ ಚಿಕನ್ ಕಬಾಬ್, ಸೀಗಡಿ ಫ್ರೈ. ಎರಡೂ ಕೆಂಪು, ಎರಡೂ ಕರಿದಿದ್ದು, ಎರಡಕ್ಕೂ ಅದೇ ಖಾರ. ಕೈಮಾ ಉಂಡೆ ಚೆನ್ನಾಗೇ ಬಂತು, ಆದರೆ ಎರಡು ಉಂಡೆಗೇ ಹೊಟ್ಟೆ ತುಂಬಿ ಸೀಗಡಿ ಉಳೀತು. ಈ ಮೂರರಲ್ಲೇ ಎರಡು, ಎರಡೂವರೆ ಸಾವಿರ ಹೋಯಿತು.

ಸಾರು ಬೇಡ, ಕರಿಯೋದು ಬೇಡ, ಉಂಡೆಯೂ ಬೇಡ ಅಂದಮೇಲೆ ಉಳಿದಿದ್ದು ಚಾಪ್ಸ್. ಎಳೆ ಕುರಿಯ ಪಕ್ಕೆಯದೇ ಆಗಬೇಕು. ಇಬ್ಬರಿಗೆ ನಾಲ್ಕು ತುಂಡು ಸಾಕು, ಮುನ್ನೂರು ಮುನ್ನೂರೈವತ್ತು ಗ್ರಾಂ. ಶುಂಠಿ ಬೆಳ್ಳುಳ್ಳಿ, ಅರಿಶಿನ, ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ಕೂಗು. ಆ ನೀರಿನಲ್ಲೇ ಆರಲು ಬಿಡಬೇಕು, ಇಲ್ಲದಿದ್ದರೆ ಗಟ್ಟಿಯಾಗುತ್ತೆ. ಕೊಡುವ ಹೊತ್ತಿಗೆ ಹಂಚಿನ ಮೇಲೆ ಹಾಕಿ, ಆ ನೀರು ಇಂಗಿ ಕೊಬ್ಬು ಚಟಪಟ ಅನ್ನುವಾಗ ಜಜ್ಜಿದ ಕರಿಮೆಣಸು. ಗರಂ ಮಸಾಲೆ ಮುಟ್ಟೋದೇ ಇಲ್ಲ.

ಸೀಗಡಿ ಕೊನೆಗೆ. ಅರ್ಧ ಕೆಜಿ ತಂದರೆ ತಲೆ, ಸಿಪ್ಪೆ, ಬೆನ್ನಿನ ಕಪ್ಪು ನಾರು ತೆಗೆದಮೇಲೆ ಕಾಲು ಕೆಜಿ ಸಿಗುತ್ತೆ. ಬೆಳ್ಳುಳ್ಳಿ ಹಾಕಿ ಜೋರು ಉರಿಯಲ್ಲಿ ಮೂರು ನಿಮಿಷ. ಬಾಗಿ ಅರ್ಧಚಂದ್ರ ಆದರೆ ಇಳಿಸಿಬಿಡಿ, ಉಂಗುರ ಆದರೆ ರಬ್ಬರ್. ಬೆಣ್ಣೆ ಹಾಕೋದು ಇಳಿಸಿದ ಮೇಲೆ. ನಮ್ಮೂರಲ್ಲಿ ಬೆಣ್ಣೆಗೆ ಬರವಾ?

ಚಾಪ್ಸ್ ಮತ್ತು ಸೀಗಡಿ ಬೇರೆ ಬೇರೆ ಊರಿನವರ ಹಾಗೆ ಕೂರಬಾರದು, ಅಲ್ವಾ? ಅದಕ್ಕೆ ಸೀಗಡಿ ತಲೆ ಸಿಪ್ಪೆ ಬಿಸಾಕಲ್ಲ. ಹುರಿದು, ಒಂದು ಲೋಟ ನೀರಲ್ಲಿ ಕುದಿಸಿ ಸೋಸಿ, ಎರಡು ಚಮಚ ಚಾಪ್ಸ್ ಮೇಲೆ ಬಿಡ್ತೀನಿ. ಅದರ ಜೊತೆ ಕುದಿಸುವ ಒಂದು ಸೊಪ್ಪಿದೆ, ಅದರ ಹೆಸರು ಮಾತ್ರ ಹೇಳಲ್ಲ.

ಹಂಚಿನಲ್ಲಿ ಉಳಿದ ಸೀಗಡಿ ಬೆಣ್ಣೆಗೆ ಒಂದು ದಿನ ಸುಮ್ನೆ ಮಂಡಕ್ಕಿ ಹಾಕಿ ಆಡಿಸಿದೆ. ಬಿಸಿ ಇರುವಾಗ ಅದ್ಭುತ, ಹತ್ತು ನಿಮಿಷಕ್ಕೆ ಮೆತ್ತಗೆ. ಕಟ್ಟಿ ಕಳಿಸೋಕೆ ಆಗಲ್ಲ, ಈಗ ಖಾಲಿ ದೋಸೆ ಕೊಡ್ತೀನಿ. ಹರಿಹರದಿಂದ ಹೊಳೆ ಮೀನು ತಂದೂ ನೋಡಿದೆ. ರುಚಿಗೆ ಮೋಸ ಇಲ್ಲ, ಆದರೆ ಇಬ್ಬರೂ ತಲೆ ತಗ್ಗಿಸಿ ಮುಳ್ಳು ಬಿಡಿಸುತ್ತಾ ಕೂತರೆ ಮಾತಾಡೋದು ಯಾವಾಗ?

ಒಂದು ಜೋಡಿ ಊಟಕ್ಕೆ ನನಗೆ ಬೀಳೋದು ಏಳುನೂರರ ಆಸುಪಾಸು, ತಗೊಳ್ಳೋದು ಸಾವಿರದ ಇನ್ನೂರು. ಕಳೆದ ತಿಂಗಳು ಒಂಬತ್ತು ಆರ್ಡರ್, ಒಂದರಲ್ಲೂ ತುಂಡು ಉಳಿದು ಬಂದಿಲ್ಲ. ಅತ್ತೆ ಈಗ ತಮಗೂ ಒಂದು ಚಾಪ್ಸ್ ಎತ್ತಿಡು ಅಂತಾರೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಲ್ಲ, ಸೀಗಡಿ ರೇಟು ಏರುತ್ತೆ. ಮೇ ಕೊನೆ ವಾರದ ನಾಲ್ಕು ಊಟಕ್ಕೆ ಆ ಹುಡುಗನಿಗೆ ಈಗಲೇ ಎರಡು ಕೆಜಿ ಹೇಳಿಟ್ಟಿದ್ದೇನೆ.