ವಿಜಯಪುರದ ಬಿಸಿಲಿಗೆ ಬಾಗದ ಬೆಂಚಿನ ಹಲಗೆ

ಹಳೆಯ ಮನೆಗಳನ್ನು ಕೆಡವಿದಾಗ ವಿಜಯಪುರದ ಕಟ್ಟಿಗೆ ಅಡ್ಡೆಗಳಿಗೆ ಬರುವ ಸಾಗವಾನಿ ತೊಲೆಗಳೇ ಪಡಸಾಲೆಯ ಬೆಂಚಿಗೆ ಎಲ್ಲಕ್ಕಿಂತ ಒಳ್ಳೆಯ ಸರಕು ಎಂಬುದು ನನ್ನ ಅನುಭವ. ಹತ್ತಾರು ವರ್ಷ ಮಾಳಿಗೆಯನ್ನು ಹೊತ್ತು ಒಣಗಿದ ಕಟ್ಟಿಗೆ ಹಸಿ ಹಲಗೆಯಂತೆ ಕುಗ್ಗಿ ಕಾಡುವುದಿಲ್ಲ. ಗರಗಸಕ್ಕೆ ಕೊಡುವ ಮೊದಲು ಅಯಸ್ಕಾಂತ ಆಡಿಸಿ, ಒಳಗೆ ಉಳಿದ ಮೊಳೆಗಳನ್ನು ಹುಡುಕಿ ಕೀಳಬೇಕು. ಹೊಸ ಕಟ್ಟಿಗೆಯಾದರೆ ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷದಂತೆ ನೆರಳಿನಲ್ಲಿ ಒಣಗಿಸುವುದು ರೂಢಿ.

4 ಅಡಿ ಉದ್ದ, 14 ಇಂಚು ಅಗಲದ ಬೆಂಚಿಗೆ ಒಂದೂವರೆ ಇಂಚು ದಪ್ಪದ, ಮೂರೂವರೆ ಇಂಚು ಅಗಲದ ನಾಲ್ಕು ಪಟ್ಟಿಗಳು ಸಾಕು. ಕೂಡಬೇಕಾದ ಎರಡು ಪಟ್ಟಿಗಳನ್ನು ಪುಸ್ತಕ ಮಡಚಿದಂತೆ ಒಂದಕ್ಕೊಂದು ಒತ್ತಿ ಹಿಡಿದು, ಎರಡರ ಅಂಚಿಗೂ ಒಟ್ಟಿಗೇ ರಂದಾ (ಕಟ್ಟಿಗೆ ಹೆರೆದು ನಯ ಮಾಡುವ ಉಪಕರಣ) ಹೊಡೆಯಿರಿ. ರಂದಾ ತುಸು ವಾಲಿದ್ದರೂ ಪಟ್ಟಿಗಳನ್ನು ಬಿಚ್ಚಿ ಕೂಡಿಸಿದಾಗ ಒಂದರ ಓರೆ ಇನ್ನೊಂದರ ಓರೆಯನ್ನು ಸರಿದೂಗಿಸುತ್ತದೆ. ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಗೆರೆಯಷ್ಟೂ ಬೆಳಕು ಕಾಣಬಾರದು. ಸಾಗವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಚನ್ನು ಥಿನ್ನರ್‌ನಿಂದ ಒರೆಸಿ, ಅದು ಆರಿದ ಕೂಡಲೇ ಫೆವಿಕಾಲ್ ಹಚ್ಚಿ, ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಡಬೇಕು.

ಹಲಗೆ ಉದ್ದದಲ್ಲಿ ಬಹುತೇಕ ಬದಲಾಗುವುದಿಲ್ಲ. ಅಗಲದಲ್ಲಿ ಮಾತ್ರ ಬೇಸಿಗೆಗೆ ಕುಗ್ಗಿ ಮಳೆಗಾಲಕ್ಕೆ ಹಿಗ್ಗುತ್ತದೆ. ಆದ್ದರಿಂದ ಅದನ್ನು ತಳದ ಅಡ್ಡಪಟ್ಟಿಗೆ ಕೆಳಗಿನಿಂದ ಸ್ಕ್ರೂ ಹಾಕಿ ಕೂಡಿಸುವಾಗ ಆ ಪಟ್ಟಿಯ ನಡುವಿನ ತೂತನ್ನು ಬಿಗಿಯಾಗಿಯೂ ಎರಡೂ ಬದಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿಯೂ ಕೊರೆಯಬೇಕು. ನನ್ನ ಮೊದಲ ಬೆಂಚಿಗೆ ನಾನು ಮೇಲ್ಮೈಗೆ ಮಾತ್ರ ಪಾಲಿಶ್ ಹಚ್ಚಿದ್ದೆ. ಮೇ ತಿಂಗಳ ಹೊತ್ತಿಗೆ ಬರಿಯ ತಳ ಬೇಗ ಒಣಗಿ ಕುಗ್ಗಿ, ಮೇಲ್ಮೈ ಎಮ್ಮೆಯ ಬೆನ್ನಿನಂತೆ ಉಬ್ಬಿತು; ಇಟ್ಟ ಚಹಾದ ಕಪ್ಪು ವಾಲುತ್ತಿತ್ತು. ಅಂದಿನಿಂದ ತಳಕ್ಕೂ ಮೇಲಕ್ಕೂ ಸಮನಾಗಿ ಹಚ್ಚದೆ ನಾನು ಹಲಗೆಯನ್ನು ಮನೆಯೊಳಗೆ ತರುವುದಿಲ್ಲ.

80, 120, 180 ನಂಬರಿನ ಪಾಲಿಶ್ ಕಾಗದದಿಂದ ಎಳೆಯ ಗುಂಟ ಉಜ್ಜಿದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ನಾರು ಏಳುತ್ತದೆ. ಒಣಗಿದ ಬಳಿಕ 220ರಿಂದ ಅದನ್ನು ಹಗುರಾಗಿ ತೆಗೆಯಬೇಕು. ಆಮೇಲೆ ಬಣ್ಣದ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆ. ಅಡುಗೆಯ ಶೇಂಗಾ ಎಣ್ಣೆ ಗಟ್ಟಿಯಾಗದೆ ಜಿಗುಟಾಗುತ್ತದೆ, ಅದು ಬೇಡ. ಮೊದಲ ಕೈಗೆ ಸಮಪಾಲು ಟರ್ಪೆಂಟೈನ್ ಬೆರೆಸಿ ಹಚ್ಚಿ, ಕಾಲು ಗಂಟೆಯ ನಂತರ ಕುಡಿಯದೆ ಉಳಿದ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಮುಂದಿನ ಎರಡು ಕೈಗಳನ್ನು ದಿನ ಬಿಟ್ಟು ದಿನ ಹಚ್ಚಿ. ಹೆಚ್ಚು ಎಣ್ಣೆ ಕುಡಿಯುವ ತುದಿಗಳನ್ನು ಮರೆಯಬೇಡಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಕಾವಿಗೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.