ಒಳಚರಂಡಿ ನೀರಲ್ಲಿ ವೈರಸ್ ಪತ್ತೆ ಮಾಡೋದು ಹೇಗೆ

ಜ್ವರ ಬಂದವರೆಲ್ಲ ಟೆಸ್ಟ್ ಮಾಡಿಸಲ್ಲ, ಅಲ್ವಾ? ಆದರೆ ಕೊರೊನಾ, ಪೋಲಿಯೊ ಥರದ ವೈರಸ್‌ಗಳು ಮಲದಲ್ಲೂ ಹೊರಗೆ ಬರುತ್ತವೆ, ಎಷ್ಟೋ ಸಲ ಕಾಯಿಲೆಯ ಲಕ್ಷಣವೇ ಇಲ್ಲದವರಿಂದಲೂ. ಅದಕ್ಕೇ ಮುಂಬೈಯಲ್ಲಿ 2001ರಿಂದ ಕೊಳಚೆ ನೀರಲ್ಲಿ ಪೋಲಿಯೊ ಹುಡುಕುತ್ತಿದ್ದಾರೆ. ಬೆಂಗಳೂರಲ್ಲೂ 2022ರಲ್ಲಿ 28 ಎಸ್‌ಟಿಪಿಗಳ (ಕೊಳಚೆ ನೀರು ಸಂಸ್ಕರಿಸುವ ಘಟಕಗಳ) ನೀರನ್ನು ಕೊರೊನಾಗಾಗಿ ಪರೀಕ್ಷಿಸಿದ್ದರು. ನಿಮ್ಮ ಊರಲ್ಲಿ ಶುರು ಮಾಡೋದಾದರೆ ಹೀಗೆ ಮಾಡಿ.

ಮೊದಲು ಯುಜಿಡಿ, ಅಂದರೆ ಒಳಚರಂಡಿ ಜಾಲದ ನಕ್ಷೆ ತಗೊಂಡು ಕೂತ್ಕೊಳ್ಳಿ. ಯಾವ ಬಡಾವಣೆಯ ನೀರು ಎಲ್ಲಿಗೆ ಹೋಗುತ್ತದೆ, ಸುಮಾರು ಎಷ್ಟು ಜನರದ್ದು ಅಂತ ಗೊತ್ತಿಲ್ಲದೆ ಸುಮ್ನೆ ನೀರು ತಂದರೆ ಪ್ರಯೋಜನವಿಲ್ಲ. ದೊಡ್ಡ ಅಪಾರ್ಟ್‌ಮೆಂಟ್‌ಗಳಿಗೆ ತಮ್ಮದೇ ಎಸ್‌ಟಿಪಿ ಇರುತ್ತದೆ, ಹಳೇ ಬೀದಿಗಳಲ್ಲಿ ಇನ್ನೂ ಪಿಟ್ ಇರುತ್ತದೆ, ಕೆಲವು ಕಡೆ ಎಲ್ಲವೂ ನೇರ ರಾಜಕಾಲುವೆಗೆ ಸೇರುತ್ತದೆ. ಇವರೆಲ್ಲ ನಿಮ್ಮ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಹೀಗೆ ಬಿಟ್ಟುಹೋಗೋದು ಹೆಚ್ಚಾಗಿ ಬಡವರ ಕೇರಿಗಳೇ, ಆದ್ದರಿಂದ ಅಲ್ಲಿನ ಕಾಲುವೆಯಿಂದಲೂ ಒಂದು ಸ್ಯಾಂಪಲ್ ಇಟ್ಟುಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ.

ಎಸ್‌ಟಿಪಿಯಲ್ಲಾದರೆ ನೀರು ಒಳಬರುವ ಕಡೆ, ಕಸ ತಡೆಯುವ ಜಾಲರಿ ದಾಟಿದ ಮೇಲೆ, ಸಂಸ್ಕರಣೆ ಶುರುವಾಗುವ ಮುಂಚೆ ಹಿಡಿಯಿರಿ. 24 ಗಂಟೆ ಸ್ವಲ್ಪ ಸ್ವಲ್ಪವೇ ಹಿಡಿದಿಡುವ ಆಟೋಸ್ಯಾಂಪ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಜನ ಎದ್ದು ಬಚ್ಚಲು, ಶೌಚಾಲಯ ಬಳಸುವ ಬೆಳಗಿನ ಹೊತ್ತಲ್ಲಿ, ಪ್ರತಿ ವಾರ ಅದೇ ದಿನ, ಅದೇ ಸಮಯಕ್ಕೆ. ಉದ್ದ ಕೋಲಿಗೆ ಡಬ್ಬ ಕಟ್ಟಿ ಮೇಲಿಂದಲೇ ಎತ್ತಿ. ಯಾವ ಕಾರಣಕ್ಕೂ ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸಬೇಡಿ, ಪ್ರಾಣ ಹೋಗುತ್ತದೆ. ಗ್ಲೌಸ್, ಕನ್ನಡಕ, ಗಮ್‌ಬೂಟ್ ಕಡ್ಡಾಯ. ಶುದ್ಧವಾದ ಒಂದು ಲೀಟರ್ ಬಾಟಲಿಗೆ ತುಂಬಿ, ಹೊರಗೆ ಒರೆಸಿ, ದಿನಾಂಕ, ಸಮಯ, ಜಾಗ ಬರೆದು, ಐಸ್ ಬಾಕ್ಸಲ್ಲಿ ಸುಮಾರು 4 ಡಿಗ್ರಿಯಲ್ಲಿಟ್ಟು ಅವತ್ತೇ ಲ್ಯಾಬಿಗೆ ಕಳಿಸಿ. ಹಿಂದಿನ ದಿನ ಮಳೆ ಬಂದಿತ್ತಾ ಅಂತಲೂ ಬರೆಯಿರಿ.

ಲ್ಯಾಬಲ್ಲಿ ವೈರಸ್ಸನ್ನು ಸಾಂದ್ರಗೊಳಿಸಿ, ಅದರ ಆರ್‌ಎನ್‌ಎ (ವೈರಸ್ಸಿನ ಆನುವಂಶಿಕ ವಸ್ತು) ತೆಗೆದು, ಅದನ್ನು ಸುತ್ತು ಸುತ್ತಾಗಿ ನಕಲು ಮಾಡಿ ಪತ್ತೆ ಹಚ್ಚುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಎಷ್ಟನೇ ಸುತ್ತಿಗೆ ವೈರಸ್ ಕಾಣಿಸಿತು ಅನ್ನೋದೇ ಸಿಟಿ ಸಂಖ್ಯೆ; ಅದು ಕಡಿಮೆ ಇದ್ದಷ್ಟೂ ವೈರಸ್ ಜಾಸ್ತಿ. ಸುಮಾರು 3.3ರಷ್ಟು ಇಳಿದರೆ ಹತ್ತು ಪಟ್ಟು ಹೆಚ್ಚಿದೆ ಅಂತ ಅರ್ಥ. ಆದರೆ ಮಳೆನೀರು ಬೆರೆತು ತೆಳುವಾದರೆ? ಅದಕ್ಕೂ ದಾರಿ ಇದೆ. ಮೆಣಸಿನಗಿಡಕ್ಕೆ ತಗಲುವ ಪೆಪ್ಪರ್ ಮೈಲ್ಡ್ ಮಾಟಲ್ ಅನ್ನೋ ವೈರಸ್ ನಾವು ತಿಂದ ಮೆಣಸಿನಕಾಯಿ, ಖಾರದಪುಡಿ ಜೊತೆ ಹೊಟ್ಟೆ ಸೇರಿ ಮಲದಲ್ಲಿ ಹೊರಬರುತ್ತದೆ. ಅದನ್ನೂ ಅಳೆದು ಹೋಲಿಸಿದರೆ ನೀರಲ್ಲಿ ಮಲದ ಪಾಲು ಎಷ್ಟಿತ್ತು ಅನ್ನೋದರ ಅಂದಾಜು ಸಿಗುತ್ತದೆ. ಇದನ್ನೂ ಮಾಡಿಕೊಡಿ ಅಂತ ಲ್ಯಾಬಿನವರಿಗೆ ಮೊದಲೇ ಹೇಳಿ.

ಒಂದೇ ಸ್ಯಾಂಪಲ್ ನೋಡಿ ಗಾಬರಿಯಾಗಬೇಡಿ. ಇದರಿಂದ ಇಷ್ಟು ಜನಕ್ಕೆ ಕಾಯಿಲೆ ಅಂತ ಲೆಕ್ಕ ಹಾಕೋಕೂ ಹೋಗಬೇಡಿ. ವಾರದಿಂದ ವಾರಕ್ಕೆ ಗ್ರಾಫಿನ ಗೆರೆ ಎತ್ತ ಹೋಗುತ್ತಿದೆ ಅನ್ನೋದು ಮುಖ್ಯ. ಸತತವಾಗಿ ಏರುತ್ತಿದ್ದರೆ ಆರೋಗ್ಯಾಧಿಕಾರಿಗೆ ತಿಳಿಸಿ, ಅಲ್ಲಿ ಟೆಸ್ಟ್, ಲಸಿಕೆ ಹೆಚ್ಚಿಸೋಕೆ, ಆಸ್ಪತ್ರೆಯಲ್ಲಿ ಬೆಡ್ ಸಿದ್ಧ ಮಾಡೋಕೆ ಕೆಲವು ದಿನ ಸಿಗುತ್ತವೆ. ಆದರೆ ಬೀದಿ ಹೆಸರು ಹಾಕಿ ವಾಟ್ಸಾಪಲ್ಲಿ ಹಂಚಬೇಡಿ. ಆ ಬೀದಿಯಿಂದ ಮನೆಗೆಲಸಕ್ಕೆ ಹೋಗುವ ಹೆಂಗಸರನ್ನು ಮಾರನೇ ದಿನವೇ ಕೆಲಸಕ್ಕೆ ಬರಬೇಡ ಅನ್ನುತ್ತಾರೆ.