ತೇಲುವ ಹಡಗಿಗೆ ಎಕ್ಸ್‌ರೇ: ನಾವು ಮಾಡುವ ಕ್ರಮ

"ಹಡಗನ್ನು ಡ್ರೈ ಡಾಕ್‌ಗೆ ಹಾಕದೆ, ನೀರಲ್ಲೇ ಇಟ್ಟು ಎಕ್ಸ್‌ರೇ ತೆಗೆಯಲಿಕ್ಕೆ ಆಗ್ತದಾ?" ಎಂದು ಫೋನ್ ಬಂದರೆ ನಾನು ತಿರುಗಿ ಕೇಳುವುದು ಒಂದೇ: ವೆಲ್ಡ್ ನೀರಿನಿಂದ ಎಷ್ಟು ಮೇಲಿದೆ? ಪ್ಲೇಟಿನ ದಪ್ಪ, ಹಡಗಿನ ವಯಸ್ಸು, ರೇಟು ಎಲ್ಲ ಆಮೇಲೆ. ಒಂದು ಬದಿಗೆ ಸೋರ್ಸ್ (ಕಿರಣ ಹೊರಡುವ ಮೂಲ), ಇನ್ನೊಂದು ಬದಿಗೆ ಫಿಲ್ಮ್, ನಡುವೆ ಕಬ್ಬಿಣ ಮಾತ್ರ. ಇಷ್ಟು ಸಿಕ್ಕರೆ ಹಡಗು ತೇಲುತ್ತಿದ್ದರೂ ಸರಿ, ನೆಲದ ಮೇಲೆ ಕೂತಿದ್ದರೂ ಸರಿ. ನಡುವೆ ನೀರು ಬಂತೋ, ಅದು ಕಿರಣವನ್ನು ಕುಂದಿಸುವುದಷ್ಟೇ ಅಲ್ಲ, ಚದುರಿಸುತ್ತದೆ. ಫಿಲ್ಮ್ ಇಡೀ ಬೂದು ಬೂದಾಗಿ, ನೋಡಬೇಕಾದ ದೋಷವೇ ಅದರಲ್ಲಿ ಮುಚ್ಚಿಹೋಗುತ್ತದೆ.

ನನ್ನದು ಇಂಡಸ್ಟ್ರಿಯಲ್ ರೇಡಿಯೋಗ್ರಫಿ ಕೆಲಸ, ಅಂದರೆ ವೆಲ್ಡಿನೊಳಗಿನ ದೋಷವನ್ನು ಕಿರಣದಿಂದ ಚಿತ್ರ ತೆಗೆದು ನೋಡುವುದು. ಪೈಪ್‌ಲೈನ್, ಎಣ್ಣೆ ಟ್ಯಾಂಕ್ ಎಲ್ಲ ಮುಗಿಸಿ, ಕೊಲ್ಲಿಯ ಹಡಗು ರಿಪೇರಿ ಯಾರ್ಡ್‌ಗಳಲ್ಲಿ ಕೆಲ ವರ್ಷ ದುಡಿದು, ಈಗ ಮಂಗಳೂರು, ಮಲ್ಪೆ ಕಡೆಯ ಟಗ್, ಬಾರ್ಜ್, ಸ್ಟೀಲ್ ಬೋಟುಗಳನ್ನು ನೋಡುತ್ತೇನೆ. ಬಾಯಲ್ಲಿ ಎಕ್ಸ್‌ರೇ ಅಂದರೂ ಹೆಚ್ಚಾಗಿ ಬಳಸುವುದು ಇರಿಡಿಯಂ-192ರ ಗಾಮಾ ಕಿರಣ. 10 ಮಿ.ಮೀ. ಪ್ಲೇಟಿಗೆ ನಿಜವಾದ ಎಕ್ಸ್‌ರೇ ಟ್ಯೂಬೇ ವಾಸಿ: ಚಿತ್ರ ಚೊಕ್ಕ, ಸ್ವಿಚ್ ಆರಿಸಿದರೆ ವಿಕಿರಣವೂ ನಿಂತಿತು. ಆದರೆ ಆ ಭಾರದ ಟ್ಯೂಬನ್ನು ಹಡಗಿನ ಬದಿಗೆ ನೇತು ಹಾಕಿ, ಉಪ್ಪುಗಾಳಿಯಲ್ಲಿ ಹೈ ವೋಲ್ಟೇಜ್ ಕೇಬಲ್ ಎಳೆದು, ಜನರೇಟರ್ ಕರೆಂಟನ್ನು ನಂಬಿ ಕೆಲಸ ಮಾಡುವುದು ಕಷ್ಟ. ಇರಿಡಿಯಂಗೆ ಕರೆಂಟ್ ಬೇಡ. ಅದರ ಗುಳಿಗೆ ಮೂರು ಮಿ.ಮೀ.ಗಿಂತ ದೊಡ್ಡದಿಲ್ಲ, ಕೊಳವೆಯೊಳಗೆ ಹರಿದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅರ್ಧಾಯುಷ್ಯ, ಅಂದರೆ ಬಲ ಅರ್ಧಕ್ಕೆ ಇಳಿಯುವ ಕಾಲ, ಸುಮಾರು 74 ದಿನ. ಚೌತಿಗೆ ಬಂದ 40 ಕ್ಯೂರಿಯ (ಕ್ಯೂರಿ ಎಂದರೆ ಸೋರ್ಸಿನ ಬಲದ ಅಳತೆ) ಸೋರ್ಸ್ ಶಿವರಾತ್ರಿ ಹೊತ್ತಿಗೆ 10ಕ್ಕಿಂತ ಕೆಳಗಿಳಿದಿರುತ್ತದೆ. ತೆಳು ಪ್ಲೇಟಿಗೆ ಸೆಲೆನಿಯಂ-75 ಎಂಬ ಇನ್ನೊಂದು ಸೋರ್ಸ್ ಸಿಕ್ಕರೆ ಇನ್ನೂ ಒಳ್ಳೆಯದು.

ಹೆಚ್ಚಿನ ಕರೆ ದೊಡ್ಡ ಹಡಗುಗಳನ್ನು ಎಳೆಯುವ ಟಗ್‌ಗಳಿಂದ. ದೊಡ್ಡ ಹಡಗಿಗೋ ಜೆಟ್ಟಿಗೋ ಗುದ್ದಿ ಬದಿಯ ಪ್ಲೇಟ್ ಜಜ್ಜಿರುತ್ತದೆ. ಅಷ್ಟನ್ನು ಕತ್ತರಿಸಿ ತೆಗೆದು, ಮೂಲೆ ದುಂಡಗೆ ಮಾಡಿದ ಹೊಸ ತುಂಡು ಕೂರಿಸಿ ಬೆಸೆಯುತ್ತಾರೆ. ತುಂಡಿನ ಕೆಳ ಅಂಚು ನೀರಿನ ಗೆರೆಗೆ ತಾಗಿಕೊಂಡಿರುವುದೇ ಜಾಸ್ತಿ. "ಇಳಿತಕ್ಕೆ ಕಾಯುವ ಮಾರಾಯ್ರೆ, ಆಗ ಮೇಲೆ ಬರ್ತದಲ್ಲ" ಎಂದವರನ್ನು ನೋಡಿದ್ದೇನೆ. ತೇಲುವ ಹಡಗು ನೀರಿನ ಜೊತೆಗೇ ಇಳಿಯುತ್ತದೆ. ಕೆಸರಿನ ಮೇಲೆ ಕೂರುವ ಬಾರ್ಜಿಗಷ್ಟೇ ಆ ಉಪಾಯ ನಡೆಯುವುದು. ಉಳಿದವಕ್ಕೆ ಬ್ಯಾಲಾಸ್ಟ್ ನೀರು (ಸಮತೋಲಕ್ಕೆ ಟ್ಯಾಂಕಿನಲ್ಲಿ ತುಂಬಿದ ನೀರು), ಡೀಸೆಲ್ ಎರಡನ್ನೂ ಆಚೆ ಬದಿಯ ಟ್ಯಾಂಕಿಗೆ ದಾಟಿಸಿ ಹಡಗನ್ನು ವಾಲಿಸಬೇಕು. ಹತ್ತು ಮೀಟರ್ ಅಗಲದ ಟಗ್ಗನ್ನು 3 ಡಿಗ್ರಿ ವಾಲಿಸಿದರೆ ಒಂದು ಬದಿ ಸುಮಾರು 26 ಸೆಂ.ಮೀ. ಮೇಲೇಳುತ್ತದೆ. ವೆಲ್ಡರಿಗೂ ಇದು ಬೇಕು, ಏಕೆಂದರೆ ಹಿಂದೆ ನೀರು ತಾಗಿದ ಪ್ಲೇಟಿಗೆ ಬೆಸುಗೆ ಹಾಕಿದರೆ ಅದು ಬೇಗ ತಣಿದು ಬಿರುಕು ಬಿಡುವ ಭಯ. ಹಾಗಾಗಿ ನಾನು ಹೇಳುವುದು: ವೆಲ್ಡಿಂಗ್‌ಗೆಂದು ವಾಲಿಸಿದ ಹಡಗನ್ನು ಫಿಲ್ಮ್ ಒಣಗಿ ಸರ್ವೇಯರ್ (ಹಡಗಿಗೆ ದರ್ಜೆ ಕೊಡುವ ಕ್ಲಾಸ್ ಸಂಸ್ಥೆಯ ಪರಿಶೀಲಕ) ನೋಡುವವರೆಗೂ ನೆಟ್ಟಗೆ ಮಾಡಬೇಡಿ. ರಿಪೇರಿ ಬಂದರೆ ಅದೇ ಭಂಗಿ ಮತ್ತೆ ಬೇಕು.

ನೀರೊಳಗಿನ ಸೀಮಿಗೆ (ಎರಡು ಪ್ಲೇಟು ಕೂಡುವ ಬೆಸುಗೆಗೆ) ಮುಳುಗುಗಾರನ ಕೈಯಲ್ಲಿ ಫಿಲ್ಮ್ ಕೊಟ್ಟು ಹೊರಗಿನಿಂದ ಅಂಟಿಸುವುದೂ ಉಂಟು. ಫಿಲ್ಮ್ ನೀರು ಹೋಗದ ಚೀಲದಲ್ಲಿರಬೇಕು, ಪ್ಲೇಟಿಗೆ ಒತ್ತಿ ಕೂರಬೇಕು, ಬೆನ್ನಿಗೆ ಸೀಸದ ಹಾಳೆ ಇರಬೇಕು. ಇಲ್ಲವಾದರೆ ಹಿಂದಿನ ನೀರಿನಿಂದ ಚದುರಿ ಬಂದ ಕಿರಣ ಫಿಲ್ಮನ್ನು ಕೆಡಿಸುತ್ತದೆ. ಮುಳುಗುಗಾರ ಮೇಲೆ ಬಂದು ದೂರ ಹೋಗುವವರೆಗೆ ಸೋರ್ಸ್ ಹೊರಗೆ ಬರುವಂತಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಚಿತ್ರ ಅಷ್ಟಕ್ಕಷ್ಟೇ. ನಾನು ಅದನ್ನು ಒಪ್ಪಿಕೊಳ್ಳುವುದಿಲ್ಲ, ಅಲ್ಟ್ರಾಸೋನಿಕ್ (ಶಬ್ದದ ಅಲೆ ಹಾಯಿಸಿ ದೋಷ ಹುಡುಕುವ ಪರೀಕ್ಷೆ) ಮಾಡಿಸಿ ಎನ್ನುತ್ತೇನೆ.

ಪ್ರತಿ ಸಲ ಯಾರಾದರೂ ಕೇಳುವ ಇನ್ನೊಂದು ಪ್ರಶ್ನೆ: ಹಡಗು ಅಲುಗಾಡುವಾಗ ಚಿತ್ರವೂ ಅಲುಗುವುದಿಲ್ಲವೇ? ಇಲ್ಲ. ಸೋರ್ಸನ್ನು ಹಿಡಿದಿರುವ ಮ್ಯಾಗ್ನೆಟ್ ಸ್ಟ್ಯಾಂಡ್ ಹಡಗಿನ ಮೈಗೇ ಕಚ್ಚಿಕೊಂಡಿರುತ್ತದೆ, ಫಿಲ್ಮ್ ಕೂಡ ಅದೇ ಮೈಗೆ. ಎರಡೂ ಒಟ್ಟಿಗೇ ಓಲಾಡುತ್ತವೆ. ಸ್ಟ್ಯಾಂಡನ್ನು ಜೆಟ್ಟಿ ಮೇಲೆ ಇಟ್ಟರೆ ಮಾತ್ರ ಕೆಟ್ಟಿತು.

ಸೋರ್ಸ್ ಯಾವ ಕಡೆ, ಫಿಲ್ಮ್ ಯಾವ ಕಡೆ? ಯಾರ್ಡಿನ ನೆಲದಲ್ಲಿ ಇದು ಅನುಕೂಲ ನೋಡಿ ತೀರ್ಮಾನಿಸುವ ವಿಷಯ, ನೀರಿನಲ್ಲಿ ಇದೇ ಮುಖ್ಯ. ನಾನು ಸೋರ್ಸನ್ನು ಹೊರಗೆ, ಫಿಲ್ಮನ್ನು ಒಳಗೆ ಇಡುತ್ತೇನೆ. ಕಿರಣ ಖಾಲಿ ಮಾಡಿಸಿದ ಹಡಗಿನತ್ತ ಹೋಗುತ್ತದೆ, ನೀರಿನ ಕಡೆಗೆ ಟಂಗ್‌ಸ್ಟನ್ ಕೊಲಿಮೇಟರಿನ (ಕಿರಣವನ್ನು ಒಂದೇ ದಿಕ್ಕಿಗೆ ಬಿಡುವ ಮುಚ್ಚಳದ) ಬೆನ್ನು. ಫಿಲ್ಮೂ ಒಣಗಿರುತ್ತದೆ. ಕ್ಯಾಮೆರಾ, ಅಂದರೆ ಸೋರ್ಸ್ ಇರುವ ಪೆಟ್ಟಿಗೆ, ಡೆಕ್ ಮೇಲೆಯೇ ಇರುತ್ತದೆ. ಸೋರ್ಸ್ ಹರಿಯುವ ಕೊಳವೆ, ಗೈಡ್ ಟ್ಯೂಬ್, ಮಾತ್ರ ಬದಿಯಿಂದ ಕೆಳಗಿಳಿಯುತ್ತದೆ. ಒಳಗೆ ಯುರೇನಿಯಂ ಕವಚ ಇರುವುದರಿಂದ ಆ ಪುಟ್ಟ ಪೆಟ್ಟಿಗೆ ಇಪ್ಪತ್ತು ಕಿಲೋ ಮೇಲೆ ತೂಗುತ್ತದೆ. ಗ್ಯಾಂಗ್‌ವೇ ದಾಟಿಸುವಾಗ ಅದಕ್ಕೆ ಹಗ್ಗ ಕಟ್ಟದೆ ಯಾರೂ ಕೈಯಲ್ಲಿ ಹಿಡಿಯಕೂಡದು. ನೀರಿಗೆ ಬಿದ್ದ ಸೋರ್ಸನ್ನು ಹುಡುಕುವ ಪಾಡು ಶತ್ರುವಿಗೂ ಬೇಡ.

ಹಡಗಿನ ಜನಕ್ಕೆ ಒಂದು ಧೈರ್ಯ ಇರುತ್ತದೆ: "ನಾವು ಕ್ಯಾಬಿನ್ ಒಳಗೇ ಇರ್ತೇವೆ, ಸುತ್ತ ಕಬ್ಬಿಣ ಉಂಟಲ್ಲ." ಇರಿಡಿಯಂನ ಕಿರಣ ಅರ್ಧಕ್ಕೆ ಇಳಿಯಬೇಕಾದರೇ ಸುಮಾರು 13 ಮಿ.ಮೀ. ಉಕ್ಕು ಬೇಕು. ಕ್ಯಾಬಿನ್ ಗೋಡೆ ಅದರ ಅರ್ಧದಷ್ಟೂ ಇರುವುದಿಲ್ಲ. ಕಾಯುವುದು ದೂರ. 10 ಕ್ಯೂರಿ ಸೋರ್ಸಿನಿಂದ ಒಂದು ಮೀಟರಿನಲ್ಲಿ ಗಂಟೆಗೆ ಸುಮಾರು 50 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ನಮ್ಮಂಥ ಕೆಲಸಗಾರರಿಗೆ ಇರುವ ಮಿತಿಯೇ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20. ಅದೇ ನೂರು ಮೀಟರ್ ಆಚೆ ಹೋದರೆ ಹತ್ತು ಸಾವಿರದ ಒಂದು ಪಾಲು, ಗಂಟೆಗೆ 5 ಮೈಕ್ರೋಸೀವರ್ಟ್. ಕೊಲಿಮೇಟರ್ ಹಾಕಿದರೆ ಅದರ ಬೆನ್ನಿನ ಕಡೆ ಇನ್ನೂ ಎಷ್ಟೋ ಕಡಿಮೆ. ಅದಕ್ಕೇ ಎಲ್ಲರನ್ನೂ ಇಳಿಸುತ್ತೇನೆ, ಅಡುಗೆಯವರನ್ನೂ ಸೇರಿಸಿ. ತಲೆ ಎಣಿಸದೆ ಕ್ರ್ಯಾಂಕ್ (ಸೋರ್ಸನ್ನು ಪೆಟ್ಟಿಗೆಯಿಂದ ಹೊರಗೆ ತಳ್ಳುವ, ಒಳಗೆಳೆಯುವ ಹಿಡಿಕೆ) ತಿರುಗಿಸುವುದಿಲ್ಲ. ಯಾವನಾದರೂ ಒಬ್ಬ ಎಲ್ಲೋ ಬಂಕಿನಲ್ಲಿ ಮಲಗಿಯೇ ಇರುತ್ತಾನೆ.

ಜೆಟ್ಟಿಯ ಕಡೆ ಹಗ್ಗ ಕಟ್ಟಿ, ಕೆಂಪು ದೀಪ ಇಟ್ಟು, ಜನ ನಿಲ್ಲಿಸಬಹುದು. ನೀರಿಗೆ ಹಗ್ಗ ಕಟ್ಟುವುದು ಹೇಗೆ? ಪೋರ್ಟ್ ಕಂಟ್ರೋಲಿನವರಿಗೆ ಮೊದಲೇ ಹೇಳಿ ವಿಎಚ್‌ಎಫ್ ರೇಡಿಯೋದಲ್ಲಿ ಕೂಗಿಸುತ್ತೇವೆ. ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದ ಒಬ್ಬ ಹುಡುಗನನ್ನು ಸಣ್ಣ ದೋಣಿಯಲ್ಲಿ ಹೊರಗೆ ನಿಲ್ಲಿಸುತ್ತೇವೆ. ಹಳೆ ಬಂದರಿನ ಕಡೆ ಕೆಲಸವಾದರೆ ರಾತ್ರಿ ಹನ್ನೊಂದರಿಂದ ಎರಡರ ಒಳಗೆ ಮುಗಿಸುವುದು ನನ್ನ ಲೆಕ್ಕ. ಆಮೇಲೆ ಬೋಟುಗಳು ಹೊರಡಲು ಶುರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ನೀರು ಖಾಲಿ, ಆದರೆ ಮಳೆ ಬಿಡಬೇಕಲ್ಲ. ಒಮ್ಮೆ ಅಂಚಿನಲ್ಲೇ ಬಂದ ಬೋಟಿನವರು ದೀಪ ನೋಡಿ "ಎಂತದು, ಹಡಗಿಗೆ ಜ್ವರವಾ?" ಎಂದು ಕೂಗಿ ಕೇಳಿ, ನಕ್ಕು, ಸುತ್ತು ಹಾಕಿಕೊಂಡೇ ಹೋದರು. ಹತ್ತಿರ ಬಂದರೆ ನಾವು ಸೋರ್ಸ್ ಒಳಗೆಳೆದುಕೊಳ್ಳುತ್ತೇವೆ, ಶಾಟ್ ಮತ್ತೆ ಮೊದಲಿಂದ. ಪ್ರತಿ ಶಾಟ್ ಕೆಲವೇ ನಿಮಿಷದ್ದು, ಆ ನಷ್ಟ ದೊಡ್ಡದಲ್ಲ. ಸೋರ್ಸ್ ಪೂರ್ತಿ ಒಳಗೆ ಬಂದಿದೆಯೋ ಎಂದು ಮೀಟರ್ ಹೇಳಬೇಕು, ಕ್ರ್ಯಾಂಕಿನ ಸುತ್ತಿನ ಲೆಕ್ಕ ಅಲ್ಲ. ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ, ಮೈಗೆ ತಾಗಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್, ತರಬೇತಿ ಪಡೆದ ಕೈಗಳು, ಇವಿಲ್ಲದೆ ಈ ಕೆಲಸಕ್ಕೆ ಇಳಿಯುವವರನ್ನು ಹತ್ತಿರ ಸೇರಿಸಬೇಡಿ.

ಫಿಲ್ಮ್ ತೊಳೆಯುವುದು ವ್ಯಾನಿನೊಳಗಿನ ಡಾರ್ಕ್ ರೂಮಿನಲ್ಲಿ. ಡೆವಲಪರ್ 20 ಡಿಗ್ರಿಯಲ್ಲಿ ಐದು ನಿಮಿಷ ಎಂದು ಪುಸ್ತಕ ಹೇಳುತ್ತದೆ, ನಮ್ಮ ಕರಾವಳಿಯ ಏಪ್ರಿಲ್‌ನಲ್ಲಿ ನಲ್ಲಿ ನೀರೇ 30. ಧಕ್ಕೆಯ (ಮೀನು ಇಳಿಸುವ ಕಟ್ಟೆಯ) ಐಸ್ ಪ್ಲಾಂಟ್ ಇರುವವರೆಗೆ ನಮಗೆ ಚಿಂತೆ ಇಲ್ಲ. ಮೀನಿಗೆ ಹಾಕುವ ಅದೇ ಐಸನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಟ್ಯಾಂಕಿನಲ್ಲಿ ಇಳಿಬಿಡುತ್ತೇವೆ, ನೇರ ಹಾಕಿದರೆ ಡೆವಲಪರ್ ತೆಳುವಾಗುತ್ತದೆ. ಉಪ್ಪು ಹತ್ತಿದ ಬೆರಳನ್ನು ಸಿಹಿ ನೀರಲ್ಲಿ ತೊಳೆದು ಒರೆಸಿಕೊಳ್ಳದೆ ಫಿಲ್ಮ್ ಮುಟ್ಟಿದರೆ ಅದರ ಗುರುತು ವೆಲ್ಡಿನ ಮೇಲೆಯೇ ಮೂಡಿ ಸರ್ವೇಯರಿಗೆ ಅನುಮಾನ ಹುಟ್ಟಿಸುತ್ತದೆ.

ವ್ಯೂವರ್ ಮೇಲೆ ಮೊದಲು ನೋಡುವುದು ಡೆನ್ಸಿಟಿ (ಫಿಲ್ಮ್ ಎಷ್ಟು ಕಪ್ಪಾಗಿದೆ), ಆಮೇಲೆ ಪೆನಿಯ ತಂತಿ, ಅಂದರೆ ಚಿತ್ರ ಎಷ್ಟು ಸೂಕ್ಷ್ಮ ಎಂದು ಅಳೆಯಲು ವೆಲ್ಡಿನ ಮೇಲೆ ಇಡುವ ಸಣ್ಣ ತಂತಿಗಳು. ಬೇಕಾದ ತಂತಿ ಕಾಣದಿದ್ದರೆ ವೆಲ್ಡ್ ಎಷ್ಟು ಚೆನ್ನಾಗಿ ಕಂಡರೂ ಆ ಫಿಲ್ಮಿಗೆ ಬೆಲೆ ಇಲ್ಲ. ದುಂಡು ಕಪ್ಪು ಚುಕ್ಕೆ ಗಾಳಿಗುಳ್ಳೆ, ಅಂಕುಡೊಂಕು ಕಪ್ಪು ಸ್ಲ್ಯಾಗ್ (ಬೆಸುಗೆಯಲ್ಲಿ ಸಿಕ್ಕಿಕೊಂಡ ಕಿಟ್ಟ). ರೂಟಿನ (ಬೆಸುಗೆಯ ಬುಡದ) ನಡುವೆ ಗೆರೆ ಎಳೆದ ಹಾಗೆ ನೇರ ಕಪ್ಪು ಕಂಡರೆ ಬೆಸುಗೆ ಆಳಕ್ಕೆ ಇಳಿದಿಲ್ಲ. ಹೊಸ ತುಂಡಿನ ಮೂಲೆಗಳಲ್ಲಿ, ಹಳೆ ಸೀಮನ್ನು ಹೊಸದು ಕೂಡುವ ಟಿ-ಜಾಯಿಂಟಿನಲ್ಲಿ ಇವು ಸಿಗುವುದು ಹೆಚ್ಚು. ಫಿಲ್ಮ್ ಉದ್ದ 40 ಸೆಂ.ಮೀ. ಅಷ್ಟೇ, ಇಡೀ ಹಡಗಿನ ಚಿತ್ರ ಯಾರೂ ತೆಗೆಯುವುದಿಲ್ಲ. ಜಾಗ ಆರಿಸುವುದು ಕ್ಲಾಸ್ ಸರ್ವೇಯರ್. ನಾನು ಅವರನ್ನು ಕೇಳಿಕೊಳ್ಳುವುದು ಮೂಲೆ ಬಿಡಬೇಡಿ ಎಂದು.

ಕಿರಣದ ದಿಕ್ಕಿಗೆ ಓರೆಯಾಗಿರುವ ಬಿರುಕು ಫಿಲ್ಮಿನಲ್ಲಿ ಕಾಣದೇ ಹೋಗಬಹುದು. ಫ್ರೇಮನ್ನು ಪ್ಲೇಟಿಗೆ ಮೂಲೆಯಲ್ಲಿ ಹಿಡಿದಿರುವ ಫಿಲೆಟ್ ವೆಲ್ಡಿಗೂ ನಮ್ಮ ವಿಧಾನ ಹೇಳಿಸಿದ್ದಲ್ಲ. ಅಲ್ಲಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ (ಕಾಂತ ಹಿಡಿದು ಕಬ್ಬಿಣದ ಪುಡಿಯಿಂದ ಬಿರುಕು ಕಾಣಿಸುವ ಪರೀಕ್ಷೆ), ಬಿರುಕಿನ ಗುಮಾನಿ ಇದ್ದ ಕಡೆ ಅಲ್ಟ್ರಾಸೋನಿಕ್. ಹೀಗೆಂದರೆ ಮಾಲೀಕರು "ಹಾಗಾದ್ರೆ ಎಕ್ಸ್‌ರೇ ಯಾಕೆ?" ಎನ್ನುತ್ತಾರೆ. ಬಟ್ ವೆಲ್ಡಿನ (ಪ್ಲೇಟಿನ ಅಂಚಿಗೆ ಅಂಚು ಕೂಡಿಸಿದ ಬೆಸುಗೆಯ) ಹೊಟ್ಟೆಯೊಳಗಿನದನ್ನು ವೆಲ್ಡರ್, ಸರ್ವೇಯರ್, ಮಾಲೀಕ ಮೂವರೂ ಒಂದೇ ದೀಪದ ಮುಂದೆ ನಿಂತು ನೋಡಬಹುದಲ್ಲ, ಅದಕ್ಕೆ. ಅಲ್ಟ್ರಾಸೋನಿಕ್ ಪರದೆಯ ಏರಿಳಿತ ತೋರಿಸಿದರೆ ವೆಲ್ಡರ್ ವಾದಕ್ಕೆ ನಿಲ್ಲುತ್ತಾನೆ, ಫಿಲ್ಮ್ ತೋರಿಸಿದರೆ ಗ್ರೈಂಡರ್ ಎತ್ತಿಕೊಳ್ಳುತ್ತಾನೆ.